ಮರದ ಚೌಕಟ್ಟಿನ ಮನೆಗೆ ಗೋಡೆಯ ಇನ್ಸುಲೇಷನ್ ಆರಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಹಳೆಯ ಮರದ ಗೋಡೆಯನ್ನು ಬಿಚ್ಚಿದಾಗ ನಾನು ಮೊದಲು ನೋಡುವುದು ಶಾಖ ತಡೆಯಲು ಒಳಗೆ ತುಂಬಿದ ಇನ್ಸುಲೇಷನ್, ಅಂದರೆ ಗಾಜಿನ ನಾರಿನ ಗ್ಲಾಸ್ ವುಲ್‌ನ ಬಣ್ಣವನ್ನು. ಹಳದಿ ಉಣ್ಣೆಯ ಮೇಲೆ ಅಲ್ಲಲ್ಲಿ ಮಸಿಯಲ್ಲಿ ಗೆರೆ ಎಳೆದ ಹಾಗೆ ಕಾಣಿಸುತ್ತದೆ. ಬೂಷ್ಟು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಬರೀ ಧೂಳು. ಹಲಗೆಯ ಸಂದಿನಿಂದ ವರ್ಷಗಟ್ಟಲೆ ಗಾಳಿ ನುಸುಳಿರುತ್ತದೆ, ಉಣ್ಣೆ ಅದನ್ನು ಸೋಸಿ ಧೂಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಆ ಕಪ್ಪು ಗೆರೆಯ ಹಿಂದೆ ಕೈಯಾಡಿಸಿದರೆ ಕೆಲವೊಮ್ಮೆ ಹೊರಹಲಗೆ ಮೆತ್ತಗಾಗಿರುತ್ತದೆ. ಉಗುರು ಒತ್ತಿದರೆ ಒಳಗಿಳಿಯುತ್ತದೆ. ಗಾಳಿ ಹೋದ ದಾರಿಯಲ್ಲೇ ನೀರಿನ ಆವಿಯೂ ಹೋಗಿದೆ, ತಣ್ಣನೆಯ ಹಲಗೆಗೆ ತಾಗಿ ನೀರಾಗಿದೆ, ಆರಲು ದಾರಿ ಸಿಗದೆ ಅಲ್ಲೇ ಉಳಿದಿದೆ.

ಅಲ್ಲಿ ಹಾಕಿದ್ದ ಉಣ್ಣೆ ಕೆಟ್ಟದ್ದೇನಲ್ಲ. ಪ್ಯಾಕೆಟ್ ಮೇಲೆ ಬರೆದಷ್ಟು ಶಾಖವನ್ನು ಅದು ತಡೆಯುತ್ತಲೇ ಇತ್ತು. ಮರದ ಮನೆ ಕಟ್ಟುವವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ "ಯಾವುದು ಜಾಸ್ತಿ ಬಿಸಿ ತಡೆಯುತ್ತದೆ?" ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದದ್ದು ಇನ್ನೊಂದಿದೆ: ಈ ಗೋಡೆ ಒದ್ದೆಯಾದರೆ ಯಾವ ಕಡೆಗೆ ಆರುತ್ತದೆ? ಇಟ್ಟಿಗೆ, ಕಾಂಕ್ರೀಟು ಸ್ವಲ್ಪ ತೇವವನ್ನು ತಡೆದುಕೊಳ್ಳುತ್ತವೆ. ಮರ ಹಾಗಲ್ಲ. ಅದರ ತೇವಾಂಶ ಶೇ. 20ರೊಳಗೆ ಇದ್ದರೆ ನೂರಾರು ವರ್ಷ ನಿಲ್ಲುತ್ತದೆ. ತಿಂಗಳುಗಟ್ಟಲೆ ಅದಕ್ಕಿಂತ ತುಂಬಾ ಮೇಲಿದ್ದರೆ ಶಿಲೀಂಧ್ರ ತಿನ್ನಲು ಶುರು ಮಾಡುತ್ತದೆ.

ಹೆಜ್ಜೆ 1: ಗೋಡೆಯ ಪದರಗಳನ್ನು ಬರೆದಿಡಿ

ಒಂದು ಹಾಳೆ ತೆಗೆದುಕೊಂಡು ಗೋಡೆಯನ್ನು ಒಳಗಿನಿಂದ ಹೊರಗೆ ಬಿಡಿಸಿ. ಸಾಮಾನ್ಯವಾಗಿ ಹೀಗಿರುತ್ತದೆ: ಒಳಗೆ ಜಿಪ್ಸಮ್ ಬೋರ್ಡ್, ಅದರ ಹಿಂದೆ ಆವಿ ತಡೆಯುವ ಹಾಳೆ, ಆಮೇಲೆ ಮರದ ಕಂಬಗಳು ಮತ್ತು ಅವುಗಳ ನಡುವಿನ ಗೂಡು, ಹೊರಗೆ ಪ್ಲೈವುಡ್ ಅಥವಾ ಮರದ ಚಕ್ಕೆಗಳನ್ನು ಒತ್ತಿ ಅಂಟಿಸಿ ಮಾಡಿದ ಓಎಸ್‌ಬಿ ಹಲಗೆ, ಅದರ ಮೇಲೆ ನೀರು ತಡೆಯುವ ಹಾಳೆ, ಕೊನೆಗೆ ಹೊರಗಿನ ಹೊದಿಕೆ. ಕಂಬದ ಅಗಲ ಎಷ್ಟು, ಕಂಬದಿಂದ ಕಂಬಕ್ಕೆ ಎಷ್ಟು ದೂರ ಅನ್ನುವುದನ್ನೂ ಬರೆಯಿರಿ. 90 ಅಥವಾ 140 ಮಿ.ಮೀ. ಅಗಲದ ಕಂಬಗಳನ್ನು 400 ಅಥವಾ 600 ಮಿ.ಮೀ. ಅಂತರದಲ್ಲಿ ನಿಲ್ಲಿಸುವುದು ರೂಢಿ. ಮುಂದಿನ ಎಲ್ಲ ತೀರ್ಮಾನಗಳೂ ಈ ಚಿತ್ರದ ಮೇಲೆಯೇ ನಿಲ್ಲುತ್ತವೆ, ಹಾಗಾಗಿ ಸುಮ್ನೆ ಅಂದಾಜಿನಲ್ಲಿ ಬಿಡಿಸಬೇಡಿ.

ಮನೆ ಹಳೆಯದಾಗಿದ್ದರೆ ಒಂದೆರಡು ಕಡೆ ಒಳಗಿನ ಬೋರ್ಡ್ ಕತ್ತರಿಸಿ ನೋಡಲೇಬೇಕು. ಕಿಟಕಿಯ ಕೆಳಮೂಲೆ ಇದಕ್ಕೆ ಒಳ್ಳೆಯ ಜಾಗ. ನೀರು ಇಳಿದಿದ್ದರೆ ಮೊದಲು ಗೊತ್ತಾಗುವುದು ಅಲ್ಲೇ. ಕತ್ತರಿಸುವ ಮುಂಚೆ ಒಂದು ಎಚ್ಚರಿಕೆ. ಒಳಗೆ ಬೂದು ಕಂದು ಬಣ್ಣದ, ಮಿನುಗುವ ಹರಳುಹರಳು ಪುಡಿ ಸುರಿದರೆ ಕೈ ಹಾಕಬೇಡಿ. ಅದು ವರ್ಮಿಕ್ಯುಲೈಟ್ ಅನ್ನುವ ಖನಿಜ ಇರಬಹುದು. ಅಮೆರಿಕದ ಮೊಂಟಾನಾದ ಲಿಬ್ಬಿ ಗಣಿಯಿಂದ ಬಂದ ವರ್ಮಿಕ್ಯುಲೈಟಿನಲ್ಲಿ ಶ್ವಾಸಕೋಶಕ್ಕೆ ಅಪಾಯ ತರುವ ಆಸ್ಬೆಸ್ಟಾಸ್ ನಾರು ಸೇರಿತ್ತು, ಅದು ಬಹಳಷ್ಟು ಮನೆಗಳಿಗೆ ಹೋಗಿತ್ತು. ಪರೀಕ್ಷೆ ಮಾಡಿಸಿದ ಮೇಲೆಯೇ ಮುಂದಿನ ಕೆಲಸ. ಮುಟ್ಟಿದರೆ ಪುಡಿಯಾಗುವ, ಒಣಗಿದ ನೊರೆಯಂಥ ವಸ್ತು ಸಿಕ್ಕರೆ ಅದು ಯೂರಿಯಾ ಫಾರ್ಮಾಲ್ಡಿಹೈಡ್ ಫೋಮ್ ಇರಬಹುದು. ಕೆನಡಾ ಅದನ್ನು 1980ರಲ್ಲೇ ನಿಷೇಧಿಸಿತು.

ಒದ್ದೆ ಗೋಡೆಗೆ ಹೊಸ ಇನ್ಸುಲೇಷನ್ ತುಂಬುವುದು ಗಾಯ ತೊಳೆಯದೆ ಬ್ಯಾಂಡೇಜ್ ಕಟ್ಟಿದ ಹಾಗೆ. ಮೊದಲು ಸೋರಿಕೆ ನಿಲ್ಲಿಸಿ, ಮರ ಆರಲಿ.

ಹೆಜ್ಜೆ 2: ಆವಿ ಯಾವ ಕಡೆಗೆ ಹೋಗುತ್ತದೆ ಅಂತ ತಿಳಿದುಕೊಳ್ಳಿ

ಬೆಚ್ಚನೆಯ ಗಾಳಿ ಜಾಸ್ತಿ ನೀರಿನ ಆವಿಯನ್ನು ಹೊರುತ್ತದೆ, ತಣ್ಣನೆಯ ಗಾಳಿ ಕಡಿಮೆ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ಆವಿ ಹಿಡಿದುಕೊಳ್ಳಬಲ್ಲದು. 0 ಡಿಗ್ರಿಯಲ್ಲಿ 5 ಗ್ರಾಮಿಗಿಂತ ಸ್ವಲ್ಪ ಕಡಿಮೆ. ಮನೆಯೊಳಗೆ 20 ಡಿಗ್ರಿ, ಗಾಳಿಯ ತೇವಾಂಶ ಶೇ. 50 ಅಂತಿಟ್ಟುಕೊಳ್ಳಿ. ಅಂದರೆ ಒಂದು ಘನ ಮೀಟರಿನಲ್ಲಿ ಎಂಟೂವರೆ ಗ್ರಾಂ ಆವಿ. ಇದೇ ಗಾಳಿ ಒಂದು ಸಂದಿನಿಂದ ನುಸುಳಿ 0 ಡಿಗ್ರಿಯ ಹೊರಹಲಗೆಗೆ ತಾಗಿದರೆ, ಹೊರಲಾಗದ ಮೂರೂವರೆ ಗ್ರಾಮಿಗಿಂತ ಹೆಚ್ಚು ನೀರನ್ನು ಅಲ್ಲೇ ಇಳಿಸಿ ಹೋಗುತ್ತದೆ. ಒಂದು ಘನ ಮೀಟರಿಗೆ ಇಷ್ಟು. ಚಳಿಗಾಲವಿಡೀ ಆ ಸಂದಿನಲ್ಲಿ ಎಷ್ಟು ಗಾಳಿ ಹೋದೀತು, ಯೋಚಿಸಿ.

ಚಳಿ ಪ್ರದೇಶದಲ್ಲಿ ಆವಿ ಒಳಗಿನಿಂದ ಹೊರಕ್ಕೆ ನುಗ್ಗುತ್ತದೆ. ಹಾಗಾಗಿ ಆವಿ ತಡೆಯುವ ಪದರ ಒಳಗಡೆ ಇರಬೇಕು, ಹೊರಗಿನ ಪದರಗಳು ಆವಿಯನ್ನು ಬಿಟ್ಟುಕೊಡಬೇಕು. ಸೆಕೆ ಮತ್ತು ತೇವ ಎರಡೂ ಇರುವ ಕಡೆ ಎಲ್ಲ ತಿರುವುಮುರುವು. ಹೊರಗೆ 32 ಡಿಗ್ರಿ, ತೇವಾಂಶ ಶೇ. 75 ಇದ್ದರೆ ಆ ಗಾಳಿ 27 ಡಿಗ್ರಿಯ ಮೇಲ್ಮೈಗೆ ತಾಗಿದರೂ ಹನಿಗಟ್ಟುತ್ತದೆ. ಒಳಗೆ ಎ.ಸಿ. ಹಾಕಿ 24 ಡಿಗ್ರಿಗೆ ಇಳಿಸಿದ್ದರೆ ಜಿಪ್ಸಮ್ ಬೋರ್ಡಿನ ಹಿಂಬದಿಯೇ ಅಂಥ ಮೇಲ್ಮೈ. ಅಲ್ಲಿ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದರೆ ನೀರು ಅದರ ಮೇಲೆ ಹನಿಗಟ್ಟಿ ಕೆಳಗಿನ ಮರದ ಪಟ್ಟಿಗೆ ಇಳಿಯುತ್ತದೆ. ಚಳಿ ನಾಡಿನ ಪುಸ್ತಕ ನೋಡಿಕೊಂಡು ಸೆಕೆ ನಾಡಿನಲ್ಲಿ ಮನೆ ಕಟ್ಟಿದವರಿಗೆ ಕೈಕೊಡುವುದು ಇದೇ ಹಾಳೆ. ಸೆಕೆಯ ಕಡೆ ಆವಿ ತಡೆಯನ್ನು ಹೊರಗಡೆ ಇಡಿ, ಒಳಗಡೆ ಆರಲು ಬಿಡಿ. ಒಳಗೋಡೆಗೆ ಪ್ಲಾಸ್ಟಿಕ್ ವಾಲ್‌ಪೇಪರ್ ಅಂಟಿಸಿದರೂ ಅದೇ ತೊಂದರೆ.

ಅರ್ಧ ವರ್ಷ ಚಳಿ, ಅರ್ಧ ವರ್ಷ ಸೆಕೆ ಇರುವ ಕಡೆ ಎರಡೂ ದಿಕ್ಕಿಗೆ ಆರುವ ಗೋಡೆಯೇ ಕ್ಷೇಮ. ಅಲ್ಲಿಗೆ ಸ್ಮಾರ್ಟ್ ಮೆಂಬ್ರೇನ್ ಅನ್ನುವ ಹಾಳೆ ಬರುತ್ತದೆ. ಸುತ್ತ ಒಣಗಿದ್ದಾಗ ಆವಿಯನ್ನು ತಡೆಯುತ್ತದೆ, ತೇವ ಏರಿದಾಗ ಬಿಟ್ಟುಕೊಡುತ್ತದೆ. ದುಬಾರಿ, ಆದರೆ ಈ ಒಂದು ಖರ್ಚಿನಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಹೆಜ್ಜೆ 3: ಪ್ಯಾಕೆಟ್ ಮೇಲಿನ ಅಂಕಿಯನ್ನು ಗೋಡೆಯ ಅಂಕಿಯಾಗಿ ಮಾಡಿ

ಪ್ಯಾಕೆಟ್ ಮೇಲೆ ಲ್ಯಾಂಬ್ಡಾ ಅಂತ ಒಂದು ಅಂಕಿ ಇರುತ್ತದೆ. ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಅನ್ನುವುದರ ಅಳತೆ ಅದು. ಕಡಿಮೆ ಇದ್ದಷ್ಟೂ ಒಳ್ಳೆಯದು. ದಪ್ಪವನ್ನು ಮೀಟರಿನಲ್ಲಿ ಬರೆದು ಲ್ಯಾಂಬ್ಡಾದಿಂದ ಭಾಗಿಸಿದರೆ ಆರ್-ವ್ಯಾಲ್ಯೂ ಸಿಗುತ್ತದೆ. ಆ ಪದರ ಶಾಖವನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ ಇದು, ಜಾಸ್ತಿ ಇದ್ದಷ್ಟೂ ಒಳ್ಳೆಯದು. 140 ಮಿ.ಮೀ. ಗ್ಲಾಸ್ ವುಲ್, ಲ್ಯಾಂಬ್ಡಾ 0.035. ಅಂದರೆ 0.140 ಭಾಗಿಸು 0.035, ಆರ್-ವ್ಯಾಲ್ಯೂ 4. ಅಮೆರಿಕದ ಪ್ಯಾಕೆಟ್ ಆದರೆ ಅಂಕಿ ದೊಡ್ಡದಾಗಿ ಕಾಣುತ್ತದೆ. ಅವರ ಅಂಕಿಯನ್ನು 5.68ರಿಂದ ಭಾಗಿಸಿದರೆ ಈ ಲೆಕ್ಕಕ್ಕೆ ಬರುತ್ತದೆ.

ಎಡವಟ್ಟಾಗುವುದು ಇದರ ಮುಂದೆ. ಗೋಡೆಯಲ್ಲಿ ಉಣ್ಣೆ ಮಾತ್ರ ಇಲ್ಲ, ಮರವೂ ಇದೆ. ಕಂಬ, ಮೇಲಿನ ಕೆಳಗಿನ ಪಟ್ಟಿ, ಕಿಟಕಿ ಬಾಗಿಲ ಸುತ್ತಲಿನ ಮರ ಎಲ್ಲ ಸೇರಿ ಗೋಡೆಯ ಶೇ. 15ರಷ್ಟಾದರೂ ಆಗುತ್ತದೆ, ಎಷ್ಟೋ ಮನೆಗಳಲ್ಲಿ ಇನ್ನೂ ಜಾಸ್ತಿ. ಮೆದು ಮರದ ಲ್ಯಾಂಬ್ಡಾ 0.13. 140 ಮಿ.ಮೀ. ಮರದ ಆರ್-ವ್ಯಾಲ್ಯೂ ಬರೀ 1.08. ಶೇ. 15 ಮರ, ಶೇ. 85 ಉಣ್ಣೆ ಅಂತ ಹಿಡಿದು, ಎರಡರ ಮೂಲಕ ಸೋರುವ ಶಾಖವನ್ನು ಕೂಡಿ ಲೆಕ್ಕ ಹಾಕಿದರೆ ಗೋಡೆಗೆ ಸಿಗುವುದು ಸುಮಾರು 2.85. ಕಾಲು ಭಾಗಕ್ಕಿಂತ ಹೆಚ್ಚು ಕಂಬಗಳ ಮೂಲಕ ಸೋರಿಹೋಯಿತು.

ಸರಿ, ಉಣ್ಣೆ ಬಿಟ್ಟು ಗೂಡಿಗೆ ಪಿಐಆರ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಫೋಮ್ ಹಾಕೋಣ ಅಂತ ಅನಿಸುತ್ತದೆ, ಅಲ್ವಾ? ಅದರ ಲ್ಯಾಂಬ್ಡಾ 0.022. 140 ಮಿ.ಮೀ.ಗೆ ಆರ್-ವ್ಯಾಲ್ಯೂ 6.36 ಬರುತ್ತದೆ. ಆದರೆ ಮರ ಇದ್ದಲ್ಲೇ ಇದೆ. ಇಡೀ ಗೋಡೆಗೆ ಲೆಕ್ಕ ಹಾಕಿದರೆ ಸುಮಾರು 3.67. ಈಗ ಇದನ್ನೇ ಬೇರೆ ಥರ ಮಾಡಿ ನೋಡಿ. ಗೂಡಿನಲ್ಲಿ ಅದೇ ಗ್ಲಾಸ್ ವುಲ್ ಇರಲಿ. 40 ಮಿ.ಮೀ. ದಪ್ಪದ ಪಿಐಆರ್ ಬೋರ್ಡನ್ನು ಹೊರಗಡೆ, ಕಂಬಗಳ ಮೇಲೆ ಹಾಯುವ ಹಾಗೆ, ಎಲ್ಲೂ ಬಿಡದೆ ಹೊದಿಸಿ. 2.85ಕ್ಕೆ 1.82 ಸೇರಿ ಸುಮಾರು 4.67 ಆಯಿತು. ಸುಮಾರು ಮೂರರಲ್ಲೊಂದು ಪಾಲು ಫೋಮ್ ಸಾಕಾಯಿತು, ಗೋಡೆ ಮಾತ್ರ ಎಷ್ಟೋ ಬೆಚ್ಚಗಾಯಿತು. ಫೋಮ್ ಬೇಡ ಅನ್ನುವವರು 60 ಮಿ.ಮೀ. ಮರದ ನಾರಿನ ಬೋರ್ಡ್ ಹೊದಿಸಿದರೆ ಸುಮಾರು 4.25.

ಮನೆ ಕಟ್ಟುವವರಿಗೆ ನಾನು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಯೇ ತೋರಿಸುತ್ತೇನೆ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ದುಬಾರಿ ವಸ್ತುವನ್ನು ಗೂಡಿನೊಳಗೆ ತುರುಕುವುದಕ್ಕಿಂತ, ಸಾಧಾರಣ ವಸ್ತುವನ್ನು ಗೂಡಿಗೆ ತುಂಬಿ ಹೊರಗೊಂದು ಕಂಬಳಿ ಹೊದಿಸುವುದು ಲಾಭ.

ಹೊರಗಿನ ಕಂಬಳಿಗೆ ಇನ್ನೊಂದು ಗುಣ ಇದೆ. ಅದು ಹೊರಹಲಗೆಯನ್ನು ಬೆಚ್ಚಗಿಡುತ್ತದೆ. ಹೊರಗೆ 0, ಒಳಗೆ 20 ಡಿಗ್ರಿ ಇದ್ದಾಗ ಮೇಲಿನ 40 ಮಿ.ಮೀ. ಬೋರ್ಡ್ ಹೊದಿಸಿದ ಗೋಡೆಯಲ್ಲಿ ಹಲಗೆ ಸುಮಾರು 6 ಡಿಗ್ರಿ ಇರುತ್ತದೆ. ಒಳಗಿನ ತೇವಾಂಶ ಶೇ. 40 ಇದ್ದರೆ ಗಾಳಿ ಹನಿಗಟ್ಟುವುದು 6 ಡಿಗ್ರಿಯಲ್ಲಿ. ಅಂದರೆ ಅಂಚಿನಲ್ಲಿ ಪಾರು. ಶೇ. 50 ಆದರೆ 9 ಡಿಗ್ರಿಗೇ ಹನಿಗಟ್ಟುತ್ತದೆ, ಪಾರಾಗುವುದಿಲ್ಲ. ಫಾಯಿಲ್ ಹಚ್ಚಿದ ಪಿಐಆರ್ ಆವಿಯನ್ನು ಹೊರಗೆ ಬಿಡುವುದೂ ಇಲ್ಲ. ಹಾಗಾಗಿ ಚಳಿ ಜಾಸ್ತಿ ಇದ್ದಷ್ಟೂ ಹೊರಗಿನ ಫೋಮ್ ದಪ್ಪಗಿರಬೇಕು. ಒಟ್ಟು ಆರ್-ವ್ಯಾಲ್ಯೂನಲ್ಲಿ ಮೂರನೇ ಒಂದರಷ್ಟು ಹೊರಗಿರಲಿ, ಕೊರೆಯುವ ಚಳಿಯ ಕಡೆ ಇನ್ನೂ ಹೆಚ್ಚಿರಲಿ. ತೆಳು ಫೋಮ್ ಹೊದಿಸುವುದು ಏನೂ ಹೊದಿಸದೆ ಇರುವುದಕ್ಕಿಂತ ಅಪಾಯ: ಹಲಗೆ ಬೆಚ್ಚಗೂ ಆಗಲಿಲ್ಲ, ಆರುವ ದಾರಿಯೂ ಮುಚ್ಚಿತು. ಮರದ ನಾರಿನ ಬೋರ್ಡ್, ಕಲ್ಲು ಕರಗಿಸಿ ಎಳೆದ ನಾರಿನ ರಾಕ್ ವುಲ್ ಬೋರ್ಡ್ ಇವುಗಳಲ್ಲಿ ಈ ಭಯ ಕಡಿಮೆ. ಅವು ಆವಿಯನ್ನು ಬಿಟ್ಟುಕೊಡುತ್ತವೆ.

ಹೆಜ್ಜೆ 4: ಸಾಮಗ್ರಿ ಆರಿಸಿ

ಗ್ಲಾಸ್ ವುಲ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಲ್ಯಾಂಬ್ಡಾ 0.032ರಿಂದ 0.044. ಅದರ ದೌರ್ಬಲ್ಯ ಗಾಳಿ. ಗಾಳಿ ಅದರೊಳಗೆ ಹರಿದಾಡಿದರೆ ಉಪಯೋಗ ಇಳಿಯುತ್ತದೆ. ಎರಡೂ ಕಡೆ ಗಾಳಿ ಬಿಗಿಯಾಗಿ ಮುಚ್ಚಿದ ಗೋಡೆಯಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಗ್ಗ ಅಂತ ಕೀಳಾಗಿ ನೋಡಬೇಕಿಲ್ಲ.

ರಾಕ್ ವುಲ್ ಸ್ವಲ್ಪ ಭಾರ, ಗಟ್ಟಿ. ಗೂಡಿನಲ್ಲಿ ತಾನಾಗಿ ಬಿಗಿದು ಕೂರುತ್ತದೆ, ಜಾರುವುದಿಲ್ಲ. ನೀರು ಬಿದ್ದರೂ ಬೇಗ ಹೀರುವುದಿಲ್ಲ. 1000 ಡಿಗ್ರಿ ದಾಟುವವರೆಗೂ ಕರಗುವುದಿಲ್ಲ. ಬೆಂಕಿಯ ಭಯ ಇರುವಲ್ಲಿ, ಶಬ್ದ ತಡೆಯಬೇಕಾದಲ್ಲಿ ನನ್ನ ಮೊದಲ ಆಯ್ಕೆ ಇದು. ಬ್ರೆಡ್ ಕತ್ತರಿಸುವಂಥ ಹಲ್ಲಿನ ಚಾಕುವಿನಿಂದ ನೀಟಾಗಿ ಕತ್ತರಿಸಬಹುದು. ಹಾಗಾಗಿ ಹೊಸಬರ ಕೈಯಲ್ಲೂ ಸಂದು ಬೀಳುವುದು ಕಡಿಮೆ.

ಸೆಲ್ಯುಲೋಸ್ ಅಂದರೆ ಹಳೆಯ ದಿನಪತ್ರಿಕೆಗಳನ್ನು ಅರೆದು, ಬೋರಾನ್ ಲವಣದಂಥವನ್ನು ಬೆರೆಸಿ ಮಾಡಿದ ಪುಡಿ. ಬೆಂಕಿ, ಹುಳ, ಬೂಷ್ಟಿಗೆ ತಡೆಯಾಗಲಿ ಅಂತ ಆ ಲವಣ. ಯಂತ್ರದಿಂದ ಗೂಡಿಗೆ ಊದುತ್ತಾರೆ. ವೈರ್, ಪೈಪುಗಳ ಸುತ್ತ ಕೈಗೆ ಸಿಗದ ಮೂಲೆಗೂ ಹೋಗಿ ಕೂರುತ್ತದೆ. ಸ್ವಲ್ಪ ತೇವವನ್ನು ಹೀರಿ ಹಂಚಿಕೊಂಡು ಮತ್ತೆ ಬಿಡುತ್ತದೆ. ಮರದ ಜೊತೆ ಇದರ ಸ್ವಭಾವ ಹೊಂದುತ್ತದೆ. ಎಲ್ಲವೂ ನಿಂತಿರುವುದು ಊದುವವರ ಕೈಚಳಕದ ಮೇಲೆ. ಗೋಡೆಯಲ್ಲಿ ಒಂದು ಘನ ಮೀಟರಿಗೆ 55ರಿಂದ 65 ಕಿಲೋ ಕೂರಬೇಕು. ಕಡಿಮೆಯಾದರೆ ವರ್ಷ ಕಳೆದಂತೆ ಕುಸಿದು ಮೇಲ್ಗಡೆ ಖಾಲಿಯಾಗುತ್ತದೆ. ಕಣ್ಣಿಗೆ ಕಾಣದ್ದನ್ನು ಹೇಗೆ ಪರೀಕ್ಷಿಸುವುದು? ಚೀಲ ಎಣಿಸಿ. 560 ಮಿ.ಮೀ. ಅಗಲ, 140 ಆಳ, 2.4 ಮೀಟರ್ ಎತ್ತರದ ಒಂದು ಗೂಡಿಗೆ ಸುಮಾರು 11 ಕಿಲೋ ಹಿಡಿಯಬೇಕು. ಗೂಡುಗಳ ಲೆಕ್ಕ ನಿಮ್ಮ ಹತ್ತಿರ ಇದ್ದೇ ಇದೆ. ಸಂಜೆ ಖಾಲಿ ಚೀಲಗಳ ಲೆಕ್ಕ ಅದಕ್ಕೆ ತಾಳೆಯಾಗದಿದ್ದರೆ ಆಗಲೇ ಕೇಳಿ.

ಮರದ ನಾರಿನ ಬೋರ್ಡ್ ಮತ್ತು ಮೆತ್ತೆ ಎರಡೂ ಬರುತ್ತವೆ. ಲ್ಯಾಂಬ್ಡಾ 0.036ರಿಂದ 0.050. ಇದರ ದೊಡ್ಡ ಗುಣ ಬೇಸಿಗೆಯಲ್ಲಿ ಗೊತ್ತಾಗುತ್ತದೆ. ಒಂದು ಕಿಲೋ ಮರದ ನಾರು ಬಿಸಿಯಾಗಲು ಒಂದು ಕಿಲೋ ಗ್ಲಾಸ್ ವುಲ್‌ಗಿಂತ ಸುಮಾರು ಎರಡು ಪಟ್ಟು ಶಾಖ ಬೇಕು. ಮೇಲಾಗಿ ಅದು ಹಲವು ಪಟ್ಟು ಭಾರ. ಹಾಗಾಗಿ ಮಧ್ಯಾಹ್ನದ ಬಿಸಿಲು ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆ ಆಗಿರುತ್ತದೆ. ಆಗ ಕಿಟಕಿ ತೆರೆದು ಬಿಸಿಯನ್ನು ಹೊರಗೆ ಕಳಿಸಬಹುದು. ಹಗುರವಾದ ಮರದ ಮನೆಗಳು ಬೇಸಿಗೆಯಲ್ಲಿ ಬೇಗ ಕಾಯುತ್ತವೆ ಅನ್ನುವ ದೂರಿಗೆ ಇದು ತಕ್ಕಮಟ್ಟಿನ ಉತ್ತರ. ಪ್ಯಾಕೆಟ್ ಮೇಲಿನ ಲ್ಯಾಂಬ್ಡಾದಲ್ಲಿ ಈ ಗುಣ ಕಾಣಿಸುವುದೇ ಇಲ್ಲ.

ಸೆಣಬನ್ನು ಹೋಲುವ ಹೆಂಪ್ ನಾರು, ಕುರಿಯ ಉಣ್ಣೆ ಇವೂ 0.040ರ ಆಸುಪಾಸಿನಲ್ಲೇ ಇವೆ. ಕುರಿಯ ಉಣ್ಣೆಗೆ ನುಸಿ ಹಿಡಿಯದ ಹಾಗೆ ಸಂಸ್ಕರಿಸಿದ್ದಾರಾ ಅಂತ ಕೇಳಿಯೇ ತೆಗೆದುಕೊಳ್ಳಿ. ಹುಲ್ಲಿನ ಪೆಂಡಿ ಗೋಡೆಯ ಕಥೆ ಬೇರೆಯೇ. ಅಮೆರಿಕದ ನೆಬ್ರಾಸ್ಕಾದಲ್ಲಿ ಮರವೇ ಸಿಗದ ಮರಳುಗುಡ್ಡಗಳ ಜನ 19ನೇ ಶತಮಾನದ ಕೊನೆಯಲ್ಲಿ ಶುರು ಮಾಡಿದ್ದು ಅದನ್ನು. ಅಷ್ಟು ದಪ್ಪ ಗೋಡೆಗೆ ಜಾಗ ಇದ್ದವರು ಮಾತ್ರ ಅದರ ಬಗ್ಗೆ ಯೋಚಿಸಬಹುದು.

ಇನ್ನು ಫೋಮುಗಳು. ನಾವೆಲ್ಲ ಥರ್ಮೋಕೋಲ್ ಅನ್ನುವ ಇಪಿಎಸ್, ಅದಕ್ಕಿಂತ ಗಟ್ಟಿಯಾದ ಎಕ್ಸ್‌ಪಿಎಸ್, ಎಲ್ಲಕ್ಕಿಂತ ಕಡಿಮೆ ಲ್ಯಾಂಬ್ಡಾದ ಪಿಐಆರ್. ಹೊರಗೆ ಹೊದಿಸಲು ಇವು ಸರಿ. ಕಂಬಗಳ ನಡುವಿನ ಗೂಡಿಗೆ ಗಟ್ಟಿ ಬೋರ್ಡ್ ನನಗೆ ಇಷ್ಟವಿಲ್ಲ. ಕಾರಣ ಸರಳ. ಮರ ಒಣಗಿದಂತೆ ಕುಗ್ಗುತ್ತದೆ, ಸ್ವಲ್ಪ ತಿರುಚುತ್ತದೆ. ಗಟ್ಟಿ ಬೋರ್ಡ್ ಅದರ ಜೊತೆ ಅಲುಗಾಡುವುದಿಲ್ಲ. ಇವತ್ತು ಬಿಗಿಯಾಗಿ ಕೂತ ಬೋರ್ಡಿನ ಪಕ್ಕದಲ್ಲಿ ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಕೂದಲೆಳೆಯ ಸಂದು ಬಿಟ್ಟುಕೊಂಡಿರುತ್ತದೆ. ಮೆತ್ತನೆಯ ಉಣ್ಣೆಯಾದರೆ ಅದನ್ನು ತಾನೇ ತುಂಬಿಕೊಳ್ಳುತ್ತದೆ.

ಸ್ಪ್ರೇ ಫೋಮ್ ಗಾಳಿಯನ್ನು ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಸೈಟಿನಲ್ಲೇ ಎರಡು ರಾಸಾಯನಿಕ ಬೆರೆಸಿ ಮಾಡುವ ವಸ್ತು ಅದು. ಬೆರಕೆ ಹದ ತಪ್ಪಿದರೆ ವಾಸನೆ ಹೋಗುವುದೇ ಇಲ್ಲ. ಹೊಡೆಯುವಾಗ ಐಸೊಸಯನೇಟ್ ಅನ್ನುವ ವಿಷಕಾರಿ ಆವಿ ಬರುತ್ತದೆ, ಮನೆಯವರು ಅಲ್ಲಿರಲೇಬಾರದು. ಒಮ್ಮೆ ಕಂಬಕ್ಕೆ ಅಂಟಿದರೆ ಬಿಡಿಸಿ ನೋಡುವ ಮಾತೇ ಇಲ್ಲ. ಒಳಗೆ ಕೊಳೆತರೂ ಗೊತ್ತಾಗುವುದಿಲ್ಲ. ನೂರಾರು ವರ್ಷ ಹಳೆಯ ಮರದ ಚೌಕಟ್ಟಿನ ಮನೆಗಳಿಗೆ ದಯವಿಟ್ಟು ಇದನ್ನು ಹೊಡೆಸಬೇಡಿ. ಅವು ಇಷ್ಟು ಕಾಲ ಉಳಿದಿರುವುದೇ ಗೋಡೆ ಉಸಿರಾಡುತ್ತಿದ್ದುದರಿಂದ. ಅಲ್ಲಿಗೆ ಮರದ ನಾರು ಮತ್ತು ಸುಣ್ಣದ ಗಾರೆ ಹೊಂದುತ್ತವೆ.

ಹೊಳೆಯುವ ಫಾಯಿಲ್ ಹಾಳೆಗಳ ಬಗ್ಗೆ ಒಂದು ಮಾತು. ಹೊಳೆಯುವ ಮುಖದ ಎದುರು 20 ಮಿ.ಮೀ.ನಷ್ಟು ಖಾಲಿ ಗಾಳಿ ಇದ್ದರೆ ಮಾತ್ರ ಅವು ಕೆಲಸ ಮಾಡುತ್ತವೆ. ಎರಡು ಪದರದ ನಡುವೆ ಒತ್ತಿ ಕೂರಿಸಿದರೆ ಅದು ಬರೀ ಆವಿ ತಡೆ. ತಪ್ಪಾದ ಕಡೆ ಇದ್ದರೆ ಅದೇ ತೊಂದರೆ.

ಹೆಜ್ಜೆ 5: ಹಾಳೆ ಮತ್ತು ಟೇಪ್

ಪ್ರತಿ ಪದರಕ್ಕೂ ಆವಿಯನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ ಇದೆ, ಎಸ್‌ಡಿ ಅಂತ ಬರೆದಿರುತ್ತಾರೆ, ಮೀಟರಿನಲ್ಲಿ. ಎಷ್ಟು ಮೀಟರ್ ದಪ್ಪದ ನಿಂತ ಗಾಳಿಗೆ ಇದು ಸಮ ಅನ್ನುವುದು ಅದರ ಅರ್ಥ. 140 ಮಿ.ಮೀ. ಗ್ಲಾಸ್ ವುಲ್‌ಗೆ 0.14 ಮೀಟರ್, ಅಂದರೆ ಆವಿಗೆ ಅದು ಇದ್ದೂ ಇಲ್ಲದ ಹಾಗೆ. 60 ಮಿ.ಮೀ. ಮರದ ನಾರಿಗೆ 0.3 ಮೀಟರ್ ಆಸುಪಾಸು. ದಪ್ಪ ಪ್ಲಾಸ್ಟಿಕ್ ಹಾಳೆಗೆ 50 ಮೀಟರಿಗೂ ಮೇಲೆ. ಚಳಿ ಪ್ರದೇಶದ ಗೋಡೆಗೆ ಬಡಗಿಗಳು ಇಟ್ಟುಕೊಂಡ ಸುಲಭ ನಿಯಮ ಒಂದಿದೆ: ಒಳಗಿನ ಪದರ ಹೊರಗಿನದಕ್ಕಿಂತ ಐದು ಪಟ್ಟಾದರೂ ಹೆಚ್ಚು ಆವಿ ತಡೆಯಲಿ. ಹೆಜ್ಜೆ 1ರಲ್ಲಿ ಬಿಡಿಸಿದ ಚಿತ್ರದಲ್ಲಿ ಪ್ರತಿ ಪದರದ ಪಕ್ಕ ಈ ಅಂಕಿ ಬರೆಯಿರಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಆದರೆ ಹಾಳೆಗಿಂತ ಟೇಪ್ ಮುಖ್ಯ. ಹಾಳೆಯ ಮೂಲಕ ನಿಧಾನವಾಗಿ ಜಿನುಗುವ ಆವಿಗಿಂತ ಒಂದು ತೂತಿನ ಮೂಲಕ ಗಾಳಿ ಹೊತ್ತೊಯ್ಯುವ ಆವಿ ಎಷ್ಟೋ ಪಟ್ಟು ಜಾಸ್ತಿ. ಹಾಳೆಯ ಜೋಡಣೆ, ಕಿಟಕಿಯ ಅಂಚು, ನೆಲ ಗೋಡೆ ಸೇರುವ ಜಾಗ, ವೈರು ಹೊರಬರುವ ತೂತು, ಎಲ್ಲಕ್ಕೂ ಟೇಪ್ ಬೇಕು. ಧೂಳು ಒರೆಸಿ, ಅಂಗೈಯಿಂದ ಗಟ್ಟಿಯಾಗಿ ತಿಕ್ಕಿ ಅಂಟಿಸಿ. ಸುಮ್ನೆ ಎಳೆದು ಹಚ್ಚಿದ ಟೇಪ್ ವರ್ಷದೊಳಗೆ ಬಿಡುತ್ತದೆ.

ಎಲೆಕ್ಟ್ರಿಷಿಯನ್ ಬಂದು ಈ ಹಾಳೆಗೆ ಐವತ್ತು ತೂತು ಕೊರೆಯದ ಹಾಗೆ ಮಾಡಲು ಒಂದು ಉಪಾಯ ಇದೆ. ಹಾಳೆಯ ಒಳಗಡೆ 45 ಅಥವಾ 50 ಮಿ.ಮೀ. ರೀಪರ್ ಹೊಡೆದು, ಅದರ ಮೇಲೆ ಜಿಪ್ಸಮ್ ಬೋರ್ಡ್ ಹಾಕಿ. ವೈರು, ಸ್ವಿಚ್ ಬಾಕ್ಸ್ ಎಲ್ಲ ಆ ಜಾಗದಲ್ಲಿ ಕೂರುತ್ತವೆ. ಹಾಳೆ ಇಡಿಯಾಗಿ ಉಳಿಯುತ್ತದೆ. ಕೋಣೆ ಅಷ್ಟು ಚಿಕ್ಕದಾಗುತ್ತದೆ, ಆದರೂ ನಾನು ಇದನ್ನೇ ಮಾಡಿ ಅನ್ನುತ್ತೇನೆ.

ಹೆಜ್ಜೆ 6: ಮಳೆಯ ಲೆಕ್ಕ

ಹೊರಗಿನ ಹೊದಿಕೆ ನೀರನ್ನು ಪೂರ್ತಿ ತಡೆಯುತ್ತದೆ ಅಂತ ನಂಬಿ ಕಟ್ಟಿದ ಮನೆಗಳ ಕಥೆ ಕೆನಡಾದ ವ್ಯಾಂಕೂವರ್ ಸುತ್ತಮುತ್ತ ಇದೆ. 1980 ಮತ್ತು 90ರ ದಶಕಗಳಲ್ಲಿ ಅಲ್ಲಿ ಕಟ್ಟಿದ ಸಾವಿರಾರು ಅಪಾರ್ಟ್‌ಮೆಂಟುಗಳ ಗೋಡೆಯೊಳಗೆ ನೀರು ಹೊಕ್ಕು ಮರದ ಚೌಕಟ್ಟು ಕೊಳೆಯಿತು. ಗಾರೆಯನ್ನು ಹಲಗೆಗೆ ಅಂಟಿಸಿದ ಹಾಗೆ ಮೆತ್ತಿದ್ದರು, ನಡುವೆ ಸಂದಿರಲಿಲ್ಲ, ಎಷ್ಟೋ ಕಟ್ಟಡಗಳಿಗೆ ಸೂರಿನ ಚಾಚು ಕೂಡ ಇರಲಿಲ್ಲ. 1998ರಲ್ಲಿ ಸರ್ಕಾರ ತನಿಖೆಗೆ ಬ್ಯಾರೆಟ್ ಆಯೋಗವನ್ನೇ ಕೂರಿಸಬೇಕಾಯಿತು. ನ್ಯೂಜಿಲೆಂಡಿನಲ್ಲೂ ಅದೇ ಕಾಲಕ್ಕೆ ಅದೇ ಥರ ಆಯಿತು. ಅಲ್ಲಿ ಸಂಸ್ಕರಿಸದ ಮರವನ್ನು ಬಳಸಲು ಬಿಟ್ಟದ್ದೂ ಸೇರಿಕೊಂಡಿತು.

ಮಾಡಬೇಕಾದದ್ದು ಇಷ್ಟೇ. ಹೊದಿಕೆಗೂ ನೀರು ತಡೆಯುವ ಹಾಳೆಗೂ ನಡುವೆ ನಿಲುವಾಗಿ ರೀಪರ್ ಹೊಡೆದು 20ರಿಂದ 25 ಮಿ.ಮೀ. ಸಂದು ಬಿಡಿ. ಒಳ ನುಗ್ಗಿದ ನೀರು ಅಲ್ಲಿ ಕೆಳಗಿಳಿದು ಹೋಗುತ್ತದೆ, ಗಾಳಿಯಾಡಿ ಹಲಗೆ ಆರುತ್ತದೆ. ಸಂದಿನ ಕೆಳಬಾಯಿಗೆ ಜಾಲರಿ ಹಾಕಿ, ಇಲ್ಲದಿದ್ದರೆ ಇಲಿ ಮನೆ ಮಾಡುತ್ತದೆ.

ಹೆಜ್ಜೆ 7: ಬೆಂಕಿ, ವೈರು, ಗೆದ್ದಲು

ಆ ಗಾಳಿಯ ಸಂದು ಬೆಂಕಿಗೆ ಚಿಮಣಿಯೂ ಆಗಬಲ್ಲದು. ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 2017ರ ಜೂನ್ 14ರಂದು ಬೆಂಕಿ ಹೊರ ಹೊದಿಕೆಯಲ್ಲೇ ಮೇಲಕ್ಕೇರಿ 72 ಜನ ತೀರಿಕೊಂಡರು. ಅದು ಮರದ ಕಟ್ಟಡವಲ್ಲ, ಆದರೆ ಉರಿಯುವ ಹೊದಿಕೆ, ಫೋಮ್ ಮತ್ತು ಸಂದು ಒಟ್ಟಿಗೆ ಸೇರಿದರೆ ಏನಾಗುತ್ತದೆ ಅಂತ ಅಲ್ಲಿ ಗೊತ್ತಾಯಿತು. ಪ್ರತಿ ಮಹಡಿಯ ಮಟ್ಟದಲ್ಲಿ, ಕಿಟಕಿ ಬಾಗಿಲ ಸುತ್ತ ಬೆಂಕಿ ತಡೆಯುವ ಪಟ್ಟಿ ಇಡಿಸಿ. ಪಕ್ಕದ ಮನೆ ಹತ್ತಿರ ಇದ್ದರೆ ಆ ಕಡೆಯ ಗೋಡೆಗೆ ರಾಕ್ ವುಲ್ ಹಾಕಿ. ಫೋಮ್ ಎಲ್ಲಿದ್ದರೂ ಒಳಗಡೆಗೆ ಜಿಪ್ಸಮ್ ಬೋರ್ಡ್ ಮುಚ್ಚಿರಲೇಬೇಕು. ಚಿಮಣಿ, ಹೊಗೆ ಪೈಪಿನ ಹತ್ತಿರ ಉರಿಯುವ ಯಾವುದೂ ಬೇಡ. ನಿಮ್ಮಲ್ಲಿನ ಕಟ್ಟಡ ನಿಯಮ ಏನು ಹೇಳುತ್ತದೆ ಅನ್ನುವುದನ್ನು ಸಾಮಗ್ರಿ ಕೊಳ್ಳುವ ಮುಂಚೆ ನೋಡಿ.

ವೈರಿನ ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಥರ್ಮೋಕೋಲ್ ಪಿವಿಸಿ ವೈರಿಗೆ ತಾಗಿಕೊಂಡಿದ್ದರೆ ವೈರಿನ ಹೊದಿಕೆಯನ್ನು ಮೆತ್ತಗಿಡುವ ರಾಸಾಯನಿಕ ನಿಧಾನವಾಗಿ ಥರ್ಮೋಕೋಲಿಗೆ ಹೋಗುತ್ತದೆ. ಕೆಲವು ವರ್ಷಗಳ ಮೇಲೆ ಹೊದಿಕೆ ಪೆಡಸಾಗಿ, ಬಾಗಿಸಿದರೆ ಬಿರಿಯುತ್ತದೆ. ಪೈಪಿನೊಳಗೆ ವೈರ್ ಎಳೆದರೆ ಈ ತೊಂದರೆ ಇಲ್ಲ. ಇನ್ನೊಂದು, ಯಾವುದೇ ಇನ್ಸುಲೇಷನ್ನಿನೊಳಗೆ ಹುದುಗಿದ ವೈರಿನ ಬಿಸಿ ಹೊರಹೋಗುವುದಿಲ್ಲ. ಗೀಸರ್, ಎ.ಸಿ. ವೈರುಗಳಿಗೆ ಒಂದು ಗಾತ್ರ ದೊಡ್ಡದು ಬೇಕಾಗಬಹುದು. ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿ.

ಗೆದ್ದಲು ಇರುವ ಕಡೆ ಫೋಮ್ ಬೋರ್ಡನ್ನು ನೆಲಕ್ಕೆ ತಾಗಿಸಬೇಡಿ. ಗೆದ್ದಲು ಫೋಮನ್ನು ತಿನ್ನುವುದಿಲ್ಲ, ಕೊರೆದು ದಾರಿ ಮಾಡಿಕೊಂಡು ಮರಕ್ಕೆ ಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ನೆಲದಿಂದ 150ರಿಂದ 200 ಮಿ.ಮೀ. ಅಡಿಪಾಯ ಬರಿದಾಗಿ ಕಾಣುತ್ತಿರಲಿ.

ಹೆಜ್ಜೆ 8: ಕೂರಿಸುವುದು

ಗೂಡಿನ ಅಗಲ ಅಳೆದು, ಉಣ್ಣೆಯನ್ನು ಅದಕ್ಕಿಂತ 10ರಿಂದ 15 ಮಿ.ಮೀ. ಜಾಸ್ತಿ ಕತ್ತರಿಸಿ. ಎರಡೂ ಅಂಚನ್ನು ಮೊದಲು ಒಳಗಿಟ್ಟು, ಆಮೇಲೆ ನಡುವನ್ನು ಒತ್ತಿ. ತಾನಾಗಿ ಉಬ್ಬಿ ಕಂಬಕ್ಕೆ ಅಂಟಿಕೊಳ್ಳುತ್ತದೆ. ತುರುಕಬೇಡಿ. ನಾರುಗಳ ನಡುವೆ ನಿಂತ ಗಾಳಿಯೇ ಶಾಖ ತಡೆಯುವುದು, ಅದನ್ನು ಹಿಂಡಿ ತೆಗೆದರೆ ಉಳಿಯುವುದು ಬರೀ ಗಾಜು.

ವೈರು ಅಡ್ಡ ಬಂದರೆ ಉಣ್ಣೆಯನ್ನು ಅದರ ಮೇಲೆ ಒತ್ತಿ ಮುಂದೆ ಹೋಗುವುದು ಎಲ್ಲರೂ ಮಾಡುವ ತಪ್ಪು. ಹಿಂದೆ ಒಂದು ಖಾಲಿ ಸುರಂಗ ಉಳಿಯುತ್ತದೆ, ಅದರಲ್ಲಿ ಗಾಳಿ ಮೇಲೆ ಕೆಳಗೆ ಸುತ್ತುತ್ತದೆ. ಉಣ್ಣೆಯ ದಪ್ಪವನ್ನು ಕೈಯಿಂದಲೇ ಎರಡಾಗಿ ಸೀಳಿ. ಅರ್ಧ ವೈರಿನ ಹಿಂದೆ, ಅರ್ಧ ಮುಂದೆ. ಸ್ವಿಚ್ ಬಾಕ್ಸ್ ಇದ್ದಲ್ಲಿ ಅದರ ಆಕಾರಕ್ಕೆ ಕತ್ತರಿಸಿ, ಕತ್ತರಿಸಿದ ತುಂಡನ್ನು ತೆಳ್ಳಗೆ ಮಾಡಿ ಬಾಕ್ಸಿನ ಹಿಂದೆ ಇಡಿ. ಕೈಗವಸು, ಮಾಸ್ಕ್, ತುಂಬು ತೋಳಿನ ಅಂಗಿ ಬೇಕೇ ಬೇಕು.

ಹೆಜ್ಜೆ 9: ಮುಚ್ಚುವ ಮುಂಚೆ

ಬೋರ್ಡ್ ಹೊಡೆಯುವ ಮುಂಚೆ ತೇವ ಅಳೆಯುವ ಮೀಟರ್ ತಂದು ಕಂಬಗಳಿಗೆ ಚುಚ್ಚಿ ನೋಡಿ. ಕೆಳಗಿನ ಪಟ್ಟಿ, ಮೂಲೆಗಳು, ಕಿಟಕಿಯ ಕೆಳಗೆ. ಎಲ್ಲ ಕಡೆ ಶೇ. 20ರ ಕೆಳಗೆ ಬರಬೇಕು. ಬರದಿದ್ದರೆ ಫ್ಯಾನ್ ಇಟ್ಟು ಕಾಯಿರಿ. ಕೆಲಸದವರು ಅವಸರ ಮಾಡುತ್ತಾರೆ, ನೀವು ಜಗ್ಗಬೇಡಿ.

ಸಾಧ್ಯವಾದರೆ ಬ್ಲೋವರ್ ಡೋರ್ ಪರೀಕ್ಷೆಯನ್ನು ಈ ಹಂತದಲ್ಲೇ ಮಾಡಿಸಿ. ಬಾಗಿಲಿಗೆ ಫ್ಯಾನ್ ಕಟ್ಟಿ 50 ಪಾಸ್ಕಲ್ ಒತ್ತಡದಲ್ಲಿ ಎಷ್ಟು ಗಾಳಿ ಸೋರುತ್ತದೆ ಅಂತ ಅಳೆಯುತ್ತಾರೆ. ಪ್ಯಾಸಿವ್ ಹೌಸ್ ಅನ್ನುವ ಕಟ್ಟುನಿಟ್ಟಿನ ಮಾನದಂಡದಲ್ಲಿ ಗಂಟೆಗೆ ಮನೆಯ ಗಾಳಿಯ 0.6 ಪಟ್ಟಿಗಿಂತ ಜಾಸ್ತಿ ಸೋರುವಂತಿಲ್ಲ. ಅಷ್ಟು ಬಿಗಿಯಾದ ಮನೆಗೆ ಗಾಳಿ ಬದಲಿಸುವ ವ್ಯವಸ್ಥೆಯೂ ಇರಲೇಬೇಕು, ಇಲ್ಲದಿದ್ದರೆ ಒಳಗಿನ ತೇವ ಏರುತ್ತಲೇ ಹೋಗುತ್ತದೆ. ಯಂತ್ರ ಸಿಗದಿದ್ದರೆ ಒಂದು ಗಾಳಿ ಬೀಸುವ ದಿನ ಅಡುಗೆಮನೆ, ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನ್ ಎಲ್ಲ ಹಾಕಿ, ಕಿಟಕಿಗಳನ್ನು ಮುಚ್ಚಿ, ಒಂದು ಊದುಬತ್ತಿ ಹಚ್ಚಿಕೊಂಡು ಗೋಡೆಯುದ್ದಕ್ಕೂ ನಡೆಯಿರಿ. ಅದರ ಕಿಡಿ ಉಣ್ಣೆಗಾಗಲಿ ಹಾಳೆಗಾಗಲಿ ತಾಗದಿರಲಿ. ಹೊಗೆ ನೆಟ್ಟಗೆ ಏರುತ್ತಿದ್ದರೆ ಸರಿ. ಒಂದು ಕಡೆ ಬಳುಕಿ ಕೋಣೆಯೊಳಗೆ ತಳ್ಳಿದ ಹಾಗಾದರೆ ಅಲ್ಲೊಂದು ಸಂದಿದೆ. ಪೆನ್ಸಿಲಿನಲ್ಲಿ ಗುರುತು ಹಾಕಿ, ಟೇಪ್ ಹಚ್ಚಿ, ಮತ್ತೆ ಊದುಬತ್ತಿ ಹಿಡಿಯಿರಿ.

ಕೊನೆಗೆ ಪ್ರತಿ ಗೋಡೆಯ ಫೋಟೋ ತೆಗೆದಿಡಿ, ಪಕ್ಕದಲ್ಲಿ ಅಳತೆ ಟೇಪ್ ಕಾಣುವ ಹಾಗೆ. ಹತ್ತು ವರ್ಷದ ಮೇಲೆ ಗೋಡೆಗೆ ಮೊಳೆ ಹೊಡೆಯಬೇಕಾದಾಗ ವೈರು ಎಲ್ಲಿದೆ, ಹಾಳೆ ಎಲ್ಲಿದೆ ಅಂತ ಆ ಫೋಟೋದಲ್ಲಿ ನೋಡಿಕೊಳ್ಳಬಹುದು.